ನಿಮಗಿದು ಗೊತ್ತೇ? ಗೇಮ್ ಒಳಗೂ ಕರೆಂಟ್ ಹೋಗುತ್ತದೆ!

ಗುರುತು ಪರಿಚಯವಿಲ್ಲದ ಗ್ರಹಕ್ಕೆ ಬಂದು ಬೀಳುವುದು, ಕೈಗೆ ಸಿಕ್ಕಿದ್ದನ್ನು ಕೂಡಿಹಾಕಿ ನೆಲೆ ಕಟ್ಟುವುದು, ಹೇಗೋ ಜೀವ ಉಳಿಸಿಕೊಳ್ಳುವುದು. ಈ ಜಾತಿಯ ವಿಡಿಯೊ ಗೇಮ್‌ಗಳಲ್ಲಿ ಶುರುವಿನ ಹೊತ್ತೆಲ್ಲ ಮರ ಕಡಿಯುವುದು, ಕಲ್ಲು ಒಡೆಯುವುದರಲ್ಲೇ ಹೋಗುತ್ತದೆ. ಆಮೇಲೆ ಕರೆಂಟ್ ಬರುತ್ತದೆ. ಅಲ್ಲಿಂದ ಮುಂದೆ ಆಡುವವರು ಬೇಟೆಗಾರರೂ ಅಲ್ಲ, ವೀರರೂ ಅಲ್ಲ, ಶುದ್ಧ ಲೈನ್‌ಮ್ಯಾನ್‌ಗಳು! ಪ್ರತಿಯೊಂದು ಆಟವೂ ವಿದ್ಯುತ್ತಿನ ಯಾವುದೋ ಒಂದು ನಿಯಮವನ್ನು ಹಿಡಿದುಕೊಂಡು ನಮ್ಮನ್ನು ಗೋಳುಹೊಯ್ದುಕೊಳ್ಳುತ್ತದೆ, ಉಳಿದ ನಿಯಮಗಳನ್ನು ರಾಜಾರೋಷವಾಗಿ ಮುರಿಯುತ್ತದೆ. ಯಾವುದು ಎಲ್ಲಿ ನಿಜ, ಎಲ್ಲಿ ಬುರುಡೆ? ನೋಡುತ್ತ ಹೋಗೋಣ.

◆ ಉತ್ಪಾದನೆಗಿಂತ ಬೇಡಿಕೆ ಹೆಚ್ಚಾದರೆ ಏನಾಗಬೇಕು ಎಂಬುದಕ್ಕೆ ಆಟಕ್ಕೊಂದು ಉತ್ತರವಿದೆ. ಜೆಕ್ ದೇಶದ ಪ್ರಾಗ್ ನಗರದ ವೂಬೆ ಸಾಫ್ಟ್‌ವೇರ್ ರೂಪಿಸಿದ ‘ಫ್ಯಾಕ್ಟೋರಿಯೊ’ದಲ್ಲಿ ಎಲ್ಲ ಯಂತ್ರಗಳೂ ಒಟ್ಟಿಗೆ ನಿಧಾನವಾಗುತ್ತವೆ. ಸ್ವೀಡನ್ನಿನ ಕಾಫಿ ಸ್ಟೇನ್ ಸ್ಟುಡಿಯೋಸ್‌ನ ‘ಸ್ಯಾಟಿಸ್ಫ್ಯಾಕ್ಟರಿ’ಯಲ್ಲಿ ಫ್ಯೂಸ್ ಹಾರಿ ಇಡೀ ಜಾಲ ಒಂದೇ ಏಟಿಗೆ ಕತ್ತಲು. ‘ರಿಮ್‌ವರ್ಲ್ಡ್’ನಲ್ಲಿ ಬ್ಯಾಟರಿ ಬರಿದಾದ ಮೇಲೆ ಉಪಕರಣಗಳು ಯಾವ ಕ್ರಮವೂ ಇಲ್ಲದೆ ಒಂದೊಂದಾಗಿ ಆರುತ್ತವೆ. ಫ್ರಿಜ್ ಮೊದಲೋ, ದೀಪ ಮೊದಲೋ, ಅದು ನಿಮ್ಮ ಅದೃಷ್ಟ. ಕೆನಡಾದ ಕ್ಲೇ ಎಂಟರ್‌ಟೇನ್‌ಮೆಂಟ್‌ನ ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ನ ಸಂಗತಿಯೇ ಬೇರೆ. ಅಲ್ಲಿ ಕರೆಂಟ್ ಸಾಲದಿರುವುದಕ್ಕಿಂತ ಒಂದೇ ತಂತಿಯ ಮೇಲೆ ಹೊರೆ ಹೆಚ್ಚಾಗುವುದೇ ದೊಡ್ಡ ತಲೆನೋವು. ತಂತಿ ಸುಟ್ಟೇಹೋಗುತ್ತದೆ.

◆ ಈ ನಾಲ್ಕರಲ್ಲಿ ಅತ್ಯಂತ ಕ್ರೂರವಾದದ್ದು ಫ್ಯಾಕ್ಟೋರಿಯೊದ್ದೇ ಎಂದು ನನ್ನ ತೀರ್ಪು. ಫ್ಯೂಸ್ ಹಾರಿದರೆ ತಕ್ಷಣ ಗೊತ್ತಾಗುತ್ತದೆ. ನಿಧಾನವಾಗುವುದು ಗೊತ್ತಾಗುವುದಿಲ್ಲ. ಕಲ್ಲಿದ್ದಲು ಅಗೆಯುವ ಯಂತ್ರ ಓಡುವುದು ಕರೆಂಟಿನಿಂದ. ಕರೆಂಟ್ ಹುಟ್ಟುವುದು ಆ ಕಲ್ಲಿದ್ದಲಿನಿಂದ. ಕರೆಂಟ್ ಚೂರು ತಗ್ಗಿದರೆ ಅಗೆತ ತಗ್ಗುತ್ತದೆ, ಅಗೆತ ತಗ್ಗಿದರೆ ಬಾಯ್ಲರ್ ಹಸಿಯುತ್ತದೆ, ಕರೆಂಟ್ ಇನ್ನಷ್ಟು ತಗ್ಗುತ್ತದೆ. ಆಟಗಾರರು ಇದನ್ನು ಸಾವಿನ ಸುರುಳಿ ಎನ್ನುತ್ತಾರೆ. ನೆಲೆಯ ಇನ್ನೊಂದು ತುದಿಯಲ್ಲಿ ನೀವು ಕನ್ವೇಯರ್ ಬೆಲ್ಟ್ ಜೋಡಿಸುತ್ತ ಮೈಮರೆತಿರುತ್ತೀರಿ. ತಿರುಗಿ ನೋಡುವ ಹೊತ್ತಿಗೆ ಲೇಸರ್ ಗನ್ನುಗಳಿಗೂ ಕಸುವಿಲ್ಲ, ಗೋಡೆಯಾಚೆ ಹುಳುಗಳ ದಂಡು.

◆ ಇದು ಬರೀ ಆಟದ ಕಲ್ಪನೆ ಎಂದುಕೊಂಡಿರಾ? 2021ರ ಫೆಬ್ರವರಿಯ ಕಡುಚಳಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯ ಇದೇ ಸುರುಳಿಗೆ ಸಿಕ್ಕಿತು. ಜಾಲ ಉಳಿಸಲೆಂದು ಲೋಡ್ ಶೆಡ್ಡಿಂಗ್ ಮಾಡಿದಾಗ ನೈಸರ್ಗಿಕ ಅನಿಲ ಹೊರತೆಗೆಯುವ, ಸಾಗಿಸುವ ಕೆಲವು ಘಟಕಗಳಿಗೂ ಕರೆಂಟ್ ಕಡಿತವಾಯಿತು. ಅನಿಲ ಇಲ್ಲದೆ ವಿದ್ಯುತ್ ಸ್ಥಾವರಗಳು ಮತ್ತಷ್ಟು ಸೊರಗಿದವು. ಇಡೀ ಜಾಲ ಕುಸಿದು ಬೀಳುವುದಕ್ಕೆ 4 ನಿಮಿಷ 37 ಸೆಕೆಂಡು ಬಾಕಿಯಿತ್ತು ಎಂದು ಆಮೇಲೆ ಜಾಲದ ಅಧಿಕಾರಿಗಳೇ ಹೇಳಿದರು.

◆ ಸುರುಳಿಯಿಂದ ತಪ್ಪಿಸಿಕೊಳ್ಳಲು ನೆರವಾಗುವ ಮದ್ದು ಫ್ಯಾಕ್ಟೋರಿಯೊದ ಅತ್ಯಂತ ಅಗ್ಗದ ವಸ್ತುಗಳಲ್ಲಿ ಒಂದು: ಬರ್ನರ್ ಇನ್ಸರ್ಟರ್. ಬೆಲ್ಟಿನಿಂದ ಕಲ್ಲಿದ್ದಲು ಎತ್ತಿ ಬಾಯ್ಲರಿಗೆ ಹಾಕುವ ಈ ಯಾಂತ್ರಿಕ ತೋಳಿಗೆ ಕರೆಂಟೇ ಬೇಡ. ಹೊರುವ ಇಂಧನದಲ್ಲೇ ಒಂದು ಪಾಲನ್ನು ತನಗೆ ಇಟ್ಟುಕೊಳ್ಳುತ್ತದೆ. ಆಟ ಸ್ವಲ್ಪ ಮುಂದುವರಿದ ಕೂಡಲೇ ಎಲ್ಲರೂ ಇದನ್ನು ಹಳೇ ಸಾಮಾನು ಎಂದು ಕಿತ್ತೊಗೆದು ವಿದ್ಯುತ್ ತೋಳು ಹಾಕುತ್ತಾರೆ. ಬಾಯ್ಲರ್ ಮುಂದೆ ಮಾತ್ರ ಹಾಗೆ ಮಾಡಬಾರದು.

◆ ಫ್ಯಾಕ್ಟೋರಿಯೊದಲ್ಲಿ ಯಾವುದೇ ಕಂಬದ ಮೇಲೆ ಕ್ಲಿಕ್ ಮಾಡಿದರೆ ಇಡೀ ಜಾಲದ ಲೆಕ್ಕಪತ್ರ ತೆರೆದುಕೊಳ್ಳುತ್ತದೆ. ಯಾವ ಯಂತ್ರ ಎಷ್ಟು ತಿಂದಿತು, ಯಾವುದು ಎಷ್ಟು ಕೊಟ್ಟಿತು, ಎಲ್ಲ. ನಮ್ಮ ಬೀದಿಯ ಕಂಬಕ್ಕೂ ಈ ಸೌಲಭ್ಯ ಇದ್ದಿದ್ದರೆ!

◆ ಅದೇ ಆಟದ ಮರದ ಕಂಬವೊಂದು ಗಿಗಾವಾಟ್‌ಗಟ್ಟಲೆ ವಿದ್ಯುತ್ತನ್ನು ಬೆಚ್ಚಗೂ ಆಗದೆ ಸಾಗಿಸುತ್ತದೆ. ತಂತಿಗೆ ಮಿತಿಯಿಲ್ಲ, ನಷ್ಟವಿಲ್ಲ, ವೋಲ್ಟೇಜ್ ಎಂಬ ಮಾತೇ ಇಲ್ಲ. ಈ ವಿಷಯದಲ್ಲಿ ಮೈನ್‌ಕ್ರಾಫ್ಟ್ ಎಷ್ಟೋ ಪ್ರಾಮಾಣಿಕ. ಅಲ್ಲಿನ ರೆಡ್‌ಸ್ಟೋನ್ ಸಂಕೇತ 15ರ ಬಲದಿಂದ ಹೊರಟು, ಪುಡಿ ಚೆಲ್ಲಿದ ದಾರಿಯಲ್ಲಿ ಒಂದೊಂದು ಚೌಕಕ್ಕೂ ಒಂದೊಂದು ಅಂಕ ಕಳೆದುಕೊಂಡು ಸತ್ತೇಹೋಗುತ್ತದೆ. ನಡುವೆ ರಿಪೀಟರ್ ಇಟ್ಟರೆ ಮತ್ತೆ 15.

◆ ಸ್ಯಾಟಿಸ್ಫ್ಯಾಕ್ಟರಿಯ ಕಲ್ಲಿದ್ದಲು ಜನರೇಟರ್ 75 ಮೆಗಾವಾಟ್ ಕೊಡುತ್ತದೆ. ನಿಮಿಷಕ್ಕೆ 15 ತುಂಡು ಕಲ್ಲಿದ್ದಲು, 45 ಘನ ಮೀಟರ್ ನೀರು ಬೇಡುತ್ತದೆ. ನೀರೆತ್ತುವ ಯಂತ್ರ ಒಂದು ನಿಮಿಷಕ್ಕೆ 120 ಘನ ಮೀಟರ್ ಎತ್ತುತ್ತದೆ. ಹಾಗಾಗಿ 8 ಜನರೇಟರಿಗೆ 3 ಪಂಪು ಎಂಬುದು ಈ ಆಟದ ಅಭಿಮಾನಿಗಳಿಗೆ ಮಗ್ಗಿಯಷ್ಟೇ ಬಾಯಿಪಾಠ. ಕೊಕ್ಕೆ ಇರುವುದು ಇಲ್ಲೇ: ಪಂಪು ಓಡುವುದೂ ಅದೇ ಕರೆಂಟಿನಿಂದ. ಫ್ಯೂಸ್ ಹಾರಿತೋ, ಪಂಪು ನಿಂತಿತು. ಪಂಪು ನಿಂತಿತೋ, ಫ್ಯೂಸ್ ಮತ್ತೆ ಹಾಕಿದರೂ ಜನರೇಟರ್‌ಗೆ ನೀರಿಲ್ಲ.

◆ ಈ ಆಟದಲ್ಲಿ ಸೌರ ಫಲಕವೂ ಇಲ್ಲ, ಗಾಳಿಯಂತ್ರವೂ ಇಲ್ಲ. ಮುಖ್ಯವಾಗಿ ಎಲೆ ಕಟ್ಟಿಗೆ, ಕಲ್ಲಿದ್ದಲು, ತೈಲ, ಭೂಶಾಖ, ಅಣು. ಸೂರ್ಯ ಮಾತ್ರ ತಲೆಯ ಮೇಲೆ ಧಗಧಗ ಉರಿಯುತ್ತಿರುತ್ತಾನೆ.

◆ ಯಂತ್ರದ ವೇಗವನ್ನು ದುಪ್ಪಟ್ಟು ಮಾಡಿದರೆ ಸ್ಯಾಟಿಸ್ಫ್ಯಾಕ್ಟರಿ ಎರಡು ಪಟ್ಟು ಕರೆಂಟ್ ಕೇಳುವುದಿಲ್ಲ, ಎರಡೂವರೆ ಪಟ್ಟು ಕೇಳುತ್ತದೆ. ಇದೇ ಲೆಕ್ಕವನ್ನು ತಿರುವಿಹಾಕಿದರೆ ಲಾಭವಿದೆ. ಒಂದು ಯಂತ್ರವನ್ನು ಪೂರ್ತಿ ವೇಗದಲ್ಲಿ ಓಡಿಸುವ ಬದಲು ಎರಡನ್ನು ಅರ್ಧ ವೇಗದಲ್ಲಿ ಓಡಿಸಿ: ಸರಕು ಅಷ್ಟೇ ಬರುತ್ತದೆ, ಕರೆಂಟ್ ಶೇ. 80ರಷ್ಟೇ ಸಾಕು.

◆ ‘ಆಕ್ಸಿಜನ್ ನಾಟ್ ಇನ್‌ಕ್ಲೂಡೆಡ್’ 2019ರ ಜುಲೈ 30ರಂದು ಪೂರ್ಣರೂಪದಲ್ಲಿ ಬಂತು. ಕ್ಷುದ್ರಗ್ರಹದ ಹೊಟ್ಟೆಯೊಳಗೆ ಸಿಕ್ಕಿಕೊಂಡ ‘ಡ್ಯೂಪ್’ ಎಂಬ ಒಂದಿಷ್ಟು ಪಾತ್ರಗಳನ್ನು ಉಸಿರಾಡಿಸಿಕೊಂಡಿರುವುದು ಇಲ್ಲಿನ ಕೆಲಸ. ವೈರಿಂಗ್ ಕಲಿಯಬೇಕೆಂದಿದ್ದರೆ ಇದಕ್ಕಿಂತ ಒಳ್ಳೆಯ ಮೇಷ್ಟ್ರಿಲ್ಲ. ಸಾಧಾರಣ ತಂತಿ ತಡೆದುಕೊಳ್ಳುವುದು 1 ಕಿಲೋವಾಟ್, ಸುಧಾರಿತ ತಂತಿ 2, ದಪ್ಪ ಕೇಬಲ್ 20, ಅದರ ಸುಧಾರಿತ ರೂಪ 50. ಜನರೇಟರ್ ಎಷ್ಟು ಹುಟ್ಟಿಸುತ್ತದೆ ಎಂಬುದಲ್ಲ, ಆ ಸರ್ಕ್ಯೂಟಿನಲ್ಲಿ ಉಪಕರಣಗಳು ಒಟ್ಟು ಎಷ್ಟು ಎಳೆಯುತ್ತಿವೆ ಎಂಬುದನ್ನೇ ಆಟ ನೋಡುತ್ತದೆ. ಮಿತಿ ದಾಟಿ ಕೆಲವು ಸೆಕೆಂಡು ಕಳೆದರೆ ಎಲ್ಲೋ ಒಂದು ಕಡೆ ತಂತಿ ಹಾಳಾಗುತ್ತದೆ. ದಪ್ಪ ಕೇಬಲ್ ಜಾಲದ ನಡುವೆ ಒಂದೇ ಒಂದು ತುಂಡು ಸಾಧಾರಣ ತಂತಿ ಉಳಿದಿದ್ದರೂ ಸಾಕು, ಸುಡುವುದು ಅದೇ.

ಹಾಗಾದರೆ ಎಲ್ಲ ಕಡೆಗೂ ದಪ್ಪ ಕೇಬಲ್ಲೇ ಎಳೆದರಾಯಿತಲ್ಲ ಎಂದರೆ, ಆಗದು. ಅದು ಗೋಡೆಯೊಳಗೆ ತೂರುವುದಿಲ್ಲ, ಅದಕ್ಕೆ ಬೇರೆಯದೇ ಜಾಯಿಂಟ್ ಪ್ಲೇಟ್ ಬೇಕು. ಮೇಲಾಗಿ ನೋಡಲು ವಿಕಾರ, ಎಷ್ಟು ವಿಕಾರವೆಂದರೆ ಪಕ್ಕದಲ್ಲಿ ಓಡಾಡುವ ಡ್ಯೂಪ್‌ಗಳ ಮನಸ್ಸು ಕೆಡುತ್ತದೆ! ಆದ್ದರಿಂದ ಬಲ್ಲವರು ದಪ್ಪ ಕೇಬಲನ್ನು ನೆಲೆಯ ಒಂದು ಬದಿಯಲ್ಲಿ ಬೆನ್ನೆಲುಬಿನಂತೆ ಮೇಲಿನಿಂದ ಕೆಳಗೆ ಇಳಿಸಿ, ಅಲ್ಲಲ್ಲಿ ಟ್ರಾನ್ಸ್‌ಫಾರ್ಮರ್ ಇಟ್ಟು, ಅಲ್ಲಿಂದ ಸಣ್ಣ ತಂತಿಯಲ್ಲಿ ಕೋಣೆಗಳಿಗೆ ಹಂಚುತ್ತಾರೆ. ಹೊಲದ ಅಂಚಿನಲ್ಲಿ ಟಿಸಿ ಕಂಡವರಿಗೆಲ್ಲ ಈ ನಕ್ಷೆ ಹೊಸದೇನಲ್ಲ. ವ್ಯತ್ಯಾಸ ಒಂದೇ. ನಿಜವಾದ ಟಿಸಿ ವೋಲ್ಟೇಜ್ ಇಳಿಸುತ್ತದೆ. ಆಟದ್ದು ವೋಲ್ಟೇಜಿಗೆ ಕೈಯೇ ಹಚ್ಚುವುದಿಲ್ಲ. ಸಣ್ಣದು 1 ಕಿಲೋವಾಟ್, ದೊಡ್ಡದು 4 ಕಿಲೋವಾಟ್ ದಾಟದಂತೆ ತಡೆಯುವ ಕಾವಲುಗಾರ, ಅಷ್ಟೇ.

◆ ಅದೇ ಆಟದಲ್ಲಿ ಡ್ಯೂಪ್ ಒಂದು ಚಕ್ರದೊಳಗೆ ಓಡಿ 400 ವಾಟ್ ಹುಟ್ಟಿಸುತ್ತದೆ. ನಿಜ ಜೀವನದಲ್ಲಿ ಒಂದು ಗಂಟೆ ಬಿಡದೆ 400 ವಾಟ್ ತುಳಿಯುವುದು ವಿಶ್ವಮಟ್ಟದ ಸೈಕಲ್ ಪಟುಗಳ ಕೆಲಸ. ಡ್ಯೂಪ್ ಅದನ್ನು ಮಾಡಿ, ಊಟ ಮುಗಿಸಿ, ನೆಲ ಅಗೆಯಲು ಹೋಗುತ್ತದೆ.

◆ ಈಗ ಒಂದು ಸ್ವಾರಸ್ಯದ ಲೆಕ್ಕ. ಈ ಆಟದ ಎಲೆಕ್ಟ್ರೊಲೈಸರ್ ಸೆಕೆಂಡಿಗೆ 1 ಕಿಲೋ ನೀರನ್ನು ಒಡೆದು 888 ಗ್ರಾಂ ಆಮ್ಲಜನಕ, 112 ಗ್ರಾಂ ಜಲಜನಕ ಕೊಡುತ್ತದೆ. ರಸಾಯನಶಾಸ್ತ್ರದ ಪುಸ್ತಕ ತೆಗೆದು ನೋಡಿ: ನೀರಿನ ತೂಕದಲ್ಲಿ ಇವುಗಳ ಪಾಲು ನಿಜಕ್ಕೂ ಇಷ್ಟೇ! ಭಲೇ ಎನ್ನುವಷ್ಟರಲ್ಲಿ ಕರೆಂಟಿನ ಅಂಕಿ ಕಣ್ಣಿಗೆ ಬೀಳುತ್ತದೆ. ಇಷ್ಟಕ್ಕೆಲ್ಲ ಆ ಯಂತ್ರ ಬಳಸುವುದು 120 ವಾಟ್. ನಿಜವಾಗಿ ಒಂದು ಕಿಲೋ ನೀರನ್ನು ಒಡೆಯಲು ಸುಮಾರು 16 ಮೆಗಾಜೂಲ್ ಶಕ್ತಿ ಬೇಕು, ಅಂದರೆ ಸೆಕೆಂಡಿಗೆ ಒಂದು ಕಿಲೋ ಒಡೆಯಬೇಕಾದರೆ 16 ಮೆಗಾವಾಟ್!

ಇನ್ನೂ ಇದೆ. ಬಂದ 112 ಗ್ರಾಂ ಜಲಜನಕವನ್ನು ಆಟದ ಜಲಜನಕ ಜನರೇಟರಿಗೆ ಹಾಕಿದರೆ, ಸೆಕೆಂಡಿಗೆ 100 ಗ್ರಾಂಗೆ 800 ವಾಟ್‌ನ ಲೆಕ್ಕದಲ್ಲಿ 896 ವಾಟ್ ಆಗುತ್ತದೆ. ಎಲೆಕ್ಟ್ರೊಲೈಸರಿಗೆ 120, ಅನಿಲ ಎಳೆಯುವ ಎರಡು ಪಂಪಿಗೆ 480, ಒಟ್ಟು 600 ವಾಟ್ ಕಳೆಯಿರಿ. 296 ವಾಟ್ ಉಳಿತಾಯ, ಜೊತೆಗೆ ಎಂಟು ಡ್ಯೂಪ್‌ಗಳಿಗೆ ಸಾಲುವಷ್ಟು ಆಮ್ಲಜನಕ. ಹೊರಗಿನಿಂದ ಕರೆಂಟೇ ಕೇಳದೆ ತನ್ನನ್ನು ತಾನೇ ಓಡಿಸಿಕೊಂಡು ಮೇಲೊಂದಿಷ್ಟು ಕೊಡುವ ಈ ಏರ್ಪಾಟನ್ನು ಆಟಗಾರರು ಹತ್ತಾರು ವಿನ್ಯಾಸಗಳಲ್ಲಿ ಕಟ್ಟಿದ್ದಾರೆ. ಶಕ್ತಿ ನಿತ್ಯತೆಯ ನಿಯಮ ಮೂಲೆಯಲ್ಲಿ ಕೂತು ಅಳುತ್ತಿರಬೇಕು.

◆ ಇದೇ ಆಟದ ಉಗಿ ಟರ್ಬೈನಿನಲ್ಲಿ ಇದರ ಉಲ್ಟಾ ಮೋಸ. 200 ಡಿಗ್ರಿಯ ಉಗಿಯನ್ನು ಸೆಕೆಂಡಿಗೆ 2 ಕಿಲೋದಂತೆ ನುಂಗಿ 95 ಡಿಗ್ರಿಯ ನೀರು ಉಗುಳುತ್ತದೆ. ಈ ನಡುವೆ ಸುಮಾರು 877 ಕಿಲೋವಾಟ್ ಶಾಖ ಕಳೆಯುತ್ತದೆ. ಕೈಗೆ ಬರುವ ಕರೆಂಟ್ 850 ವಾಟ್. ಉಳಿದದ್ದರಲ್ಲಿ ಹೆಚ್ಚಿನದು ಮಾಯ! ಅನುಭವಿಗಳು ಇದನ್ನು ಕಟ್ಟುವುದು ಕರೆಂಟಿಗಾಗಿ ಅಲ್ಲವೇ ಅಲ್ಲ, ನೆಲೆ ತಣ್ಣಗಿರಲೆಂದು.

◆ ಕಲ್ಲಿದ್ದಲಿನ ಬೆಲೆ ಆಟದಿಂದ ಆಟಕ್ಕೆ ಎಷ್ಟು ಬದಲಾಗುತ್ತದೆ ನೋಡಿ. ಡ್ಯೂಪ್‌ಗಳ ಲೋಕದಲ್ಲಿ ಒಂದು ಕಿಲೋ ಸುಟ್ಟರೆ ಸಿಗುವ ವಿದ್ಯುತ್ 600 ಜೂಲ್. ಫ್ಯಾಕ್ಟೋರಿಯೊದಲ್ಲಿ ಒಂದು ತುಂಡಿಗೆ 4 ಮೆಗಾಜೂಲ್, ಸ್ಯಾಟಿಸ್ಫ್ಯಾಕ್ಟರಿಯಲ್ಲಿ ಒಂದು ತುಂಡಿಗೆ 300 ಮೆಗಾಜೂಲ್. ನಿಜವಾದ ಒಳ್ಳೆಯ ಕಲ್ಲಿದ್ದಲಿನಲ್ಲಿ ಕಿಲೋಗೆ ಸುಮಾರು 24 ಮೆಗಾಜೂಲ್ ಶಾಖವಿರುತ್ತದೆ.

◆ 2018ರ ಅಕ್ಟೋಬರ್ 17ರಂದು ಪೂರ್ಣರೂಪದಲ್ಲಿ ಬಿಡುಗಡೆಯಾದ, ಟೈನನ್ ಸಿಲ್ವೆಸ್ಟರ್ ಅವರ ‘ರಿಮ್‌ವರ್ಲ್ಡ್’ ಬ್ಯಾಟರಿಯನ್ನು ‘ವಾಟ್-ದಿನ’ದಲ್ಲಿ ಅಳೆಯುತ್ತದೆ. ಒಂದರಲ್ಲಿ 600 ವಾಟ್-ದಿನ, ನಮ್ಮ ಮೀಟರಿನ ಭಾಷೆಯಲ್ಲಿ 14.4 ಯೂನಿಟ್. ಮನೆಯಲ್ಲಿ ಇನ್ವರ್ಟರ್‌ಗೆ ಹಾಕುವ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿ ಎಂಟು ಸೇರಿದರೆ ಅಷ್ಟಾಗುತ್ತದೆ. ಆದರೆ ತುಂಬಿಸುವಾಗ ಅರ್ಧಕ್ಕರ್ಧ ಪೋಲು: 100 ಹಾಕಿದರೆ ಉಳಿಯುವುದು 50. ಇಂದಿನ ಲಿಥಿಯಂ ಬ್ಯಾಟರಿಗಳು ಶೇ. 90ಕ್ಕೂ ಮೇಲೆ ಹಿಂದಿರುಗಿಸುತ್ತವೆ. ಮಳೆಯಲ್ಲಿ ನೆನೆದರೆ ಈ ಬ್ಯಾಟರಿಗೆ ಬೆಂಕಿ ಹತ್ತುವುದೂ ಉಂಟು, ಮೇಲೊಂದು ಸೂರು ಹಾಕಿ.

◆ ಈ ಆಟದವರು ಬೆಚ್ಚಿಬೀಳುವ ಸದ್ದು ಒಂದೇ: ‘ಝ್ಝ್ಟ್!’ ಹಾಗೆಂದು ಪರದೆಯ ಮೇಲೆ ಬಂತೆಂದರೆ ಎಲ್ಲೋ ತಂತಿ ಶಾರ್ಟ್ ಆಗಿದೆ. ಆ ತಂತಿಗೆ ಹೊಂದಿಕೊಂಡ ಬ್ಯಾಟರಿಗಳಲ್ಲಿ ಕೂಡಿಟ್ಟಿದ್ದ ಅಷ್ಟೂ ಶಕ್ತಿ ಒಂದೇ ಕ್ಷಣದಲ್ಲಿ ಆ ಜಾಗದಲ್ಲಿ ಸಿಡಿಯುತ್ತದೆ. ಹೆಚ್ಚು ಕೂಡಿಟ್ಟವನಿಗೆ ಹೆಚ್ಚು ದೊಡ್ಡ ಸ್ಫೋಟ. ಆದ್ದರಿಂದ ನುರಿತವರು ಬ್ಯಾಟರಿಗಳನ್ನು ಎರಡು ಗುಂಪು ಮಾಡಿ, ತುಂಬಿದ ಒಂದು ಗುಂಪನ್ನು ಸ್ವಿಚ್ ಆಫ್ ಮಾಡಿ ಜಾಲದಿಂದ ಬೇರೆ ಇಟ್ಟಿರುತ್ತಾರೆ. ಒಂದು ಸಿಡಿದರೆ ಇನ್ನೊಂದು ಆನ್.

◆ ಬೇರೆ ಇರುವುದರ ಬೆಲೆ ನಮಗೂ ಒಮ್ಮೆ ಗೊತ್ತಾಗಿದೆ. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯದ ವಿದ್ಯುತ್ ಜಾಲಗಳು ಒಂದರ ಹಿಂದೊಂದು ಕುಸಿದು ಸುಮಾರು 62 ಕೋಟಿ ಜನರಿರುವ ಪ್ರದೇಶ ಕತ್ತಲಾಯಿತು. ಕರ್ನಾಟಕವೂ ಸೇರಿದ ದಕ್ಷಿಣದ ಜಾಲ ಆಗ ಉಳಿದ ದೇಶದೊಂದಿಗೆ ಒಂದೇ ಆವರ್ತನದಲ್ಲಿ ಬೆಸೆದಿರಲಿಲ್ಲ. ಆ ಕುಸಿತ ಇಲ್ಲಿಗೆ ಹರಿದು ಬರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕಿಲೋವೋಲ್ಟ್ ಲೈನ್ ಚಾಲೂ ಆದ ಮೇಲೆ ಇಡೀ ದೇಶ ಒಂದೇ ಜಾಲ. ಕೊರತೆಯ ದಿನ ಬೇರೆ ಕಡೆಯಿಂದ ಕರೆಂಟ್ ತರಲು ಅದೇ ದಾರಿ.

◆ ರಿಮ್‌ವರ್ಲ್ಡ್‌ನಲ್ಲಿ ಸೌರ ಜ್ವಾಲೆ ಬಂದರೆ ಕೈತೋಟದ ದೀಪದಿಂದ ಹಿಡಿದು ಫ್ರಿಜ್‌ವರೆಗೆ ಎಲ್ಲವೂ ಬಂದ್. ಇದು ಅರ್ಧ ನಿಜ. 1989ರ ಮಾರ್ಚ್ 13ರಂದು ಸೂರ್ಯನಿಂದ ಬಂದ ಬಿರುಗಾಳಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜಾಲವನ್ನು ಸುಮಾರು ಒಂದೂವರೆ ನಿಮಿಷದಲ್ಲಿ ಮಲಗಿಸಿತು. 60 ಲಕ್ಷ ಜನ ಒಂಬತ್ತು ಗಂಟೆ ಕತ್ತಲಲ್ಲಿ ಕೂತರು. ಆದರೆ ಅಲ್ಲಿ ಪೆಟ್ಟು ಬಿದ್ದದ್ದು ನೂರಾರು ಕಿಲೋಮೀಟರ್ ಉದ್ದದ ಲೈನುಗಳಿಗೆ. ಹತ್ತು ಹೆಜ್ಜೆಯ ತಂತಿಗೆ ಕಟ್ಟಿದ ಬಲ್ಬಿಗೆ ಅದರ ಬಿಸಿ ತಟ್ಟುವುದೇ ಇಲ್ಲ.

◆ ಗಾಳಿಯಂತ್ರದ ಮುಂದೆ ಹಿಂದೆ ಮರ ಬೆಳೆದರೆ ರಿಮ್‌ವರ್ಲ್ಡ್‌ನಲ್ಲಿ ಉತ್ಪಾದನೆ ಇಳಿಯುತ್ತದೆ. ಸೌರ ಫಲಕ ಇಟ್ಟರೆ ಇಳಿಯುವುದಿಲ್ಲ, ಮರವೂ ಬೆಳೆಯುವುದಿಲ್ಲ. ಒಂದೇ ಜಾಗದಲ್ಲಿ ಎರಡು ಫಸಲು.

◆ ಫ್ಯಾಕ್ಟೋರಿಯೊದ ಒಂದು ದಿನ ಏಳು ನಿಮಿಷಕ್ಕೂ ಮೂರು ಸೆಕೆಂಡು ಕಡಿಮೆ. ಸೌರ ಫಲಕ ಮಧ್ಯಾಹ್ನ 60 ಕಿಲೋವಾಟ್ ಕೊಟ್ಟರೂ ರಾತ್ರಿಯನ್ನೂ ಸೇರಿಸಿ ಸರಾಸರಿ ತೆಗೆದರೆ 42. ರಾತ್ರಿಗೆ ಉಳಿಸಿಡಲು 25 ಫಲಕಕ್ಕೆ 21 ಬ್ಯಾಟರಿ ಸರಿಯಾದ ಜೋಡಿ. ಇಲ್ಲೊಂದು ಸೂಕ್ಷ್ಮವಿದೆ, ಬಹಳ ಜನ ಎಡವುವುದು ಇಲ್ಲೇ. ಆಟ ಮೊದಲು ಸೌರಶಕ್ತಿ ಬಳಸುತ್ತದೆ, ಆಮೇಲೆ ಉಗಿ ಎಂಜಿನ್, ಬ್ಯಾಟರಿ ಕಟ್ಟಕಡೆಗೆ. ಹಾಗಾಗಿ ಉಗಿ ಎಂಜಿನ್ ಜಾಲದಲ್ಲಿ ಇರುವ ತನಕ ಬ್ಯಾಟರಿ ತುಂಬಿ ತುಳುಕಿದರೂ ರಾತ್ರಿ ಕಲ್ಲಿದ್ದಲೇ ಉರಿಯುತ್ತದೆ. ಬ್ಯಾಟರಿ ಇಳಿದಾಗ ಮಾತ್ರ ಎಂಜಿನ್ ಸೇರುವಂತೆ ನಡುವೆ ಪವರ್ ಸ್ವಿಚ್ ಹಾಕಬೇಕು.

◆ ಅದೇ ಆಟದಲ್ಲಿ ಯುರೇನಿಯಂ ಅದಿರು ಸಂಸ್ಕರಿಸಿದರೆ ಯುರೇನಿಯಂ-235 ಸಿಗುವ ಸಾಧ್ಯತೆ ಶೇ. 0.7. ಪ್ರಕೃತಿಯಲ್ಲಿ ಸಿಗುವ ಯುರೇನಿಯಂನಲ್ಲೂ ಅದರ ಪಾಲು ಸುಮಾರು ಅಷ್ಟೇ. ಅದನ್ನು ಹೆಚ್ಚಿಸಿಕೊಳ್ಳುವ ‘ಕೊವಾರೆಕ್ಸ್’ ವಿಧಾನ 40 ಹಾಕಿದರೆ 41 ಕೊಡುತ್ತದೆ. ಅಂಥ ವಿಧಾನ ಯಾವ ಪುಸ್ತಕದಲ್ಲೂ ಇಲ್ಲ. ಕೊವಾರೆಕ್ಸ್ ಎಂಬುದು ಆಟದ ಜನಕ ಮಿಹಾಲ್ ಕೊವಾರ್ಝಿಕ್ ಅವರ ಅಡ್ಡಹೆಸರು! ಇಲ್ಲಿನ ರಿಯಾಕ್ಟರ್ ಒಂದು ಇಂಧನ ಕೋಶವನ್ನು 200 ಸೆಕೆಂಡಿನಲ್ಲಿ ಮುಗಿಸುತ್ತದೆ, ನಿಮಗೆ ಕರೆಂಟ್ ಬೇಕಿರಲಿ ಬೇಡದಿರಲಿ.

◆ ‘ರಸ್ಟ್’ ಆಟಕ್ಕೆ ಕರೆಂಟ್ ಬಂದದ್ದು 2018ರ ಡಿಸೆಂಬರಿನ ಅಪ್‌ಡೇಟಿನಲ್ಲಿ. ಆಟ ಪೂರ್ಣರೂಪದಲ್ಲಿ ಬಿಡುಗಡೆಯಾಗಿ ಹತ್ತು ತಿಂಗಳ ನಂತರ. ಇಲ್ಲಿ ಶತ್ರು ಬೇರೆ ಆಟಗಾರರು. ನಿಮ್ಮ ಬಂದೂಕಿನ ಗೂಡನ್ನು ಎದುರಿಸುವುದಕ್ಕಿಂತ ಅದಕ್ಕೆ ಕರೆಂಟ್ ಕೊಡುವ ಗಾಳಿಯಂತ್ರವನ್ನು ಒಡೆಯುವುದು ಅವರಿಗೆ ಸುಲಭ. ಒಳಗೆ ಬ್ಯಾಟರಿ ಇಡದೆ ಮಲಗಬೇಡಿ.

◆ ಸಮುದ್ರದಡಿಯ ‘ಸಬ್‌ನಾಟಿಕಾ’ದಲ್ಲಿ ನೆಲೆಯ ಕರೆಂಟ್ ಹೋದರೆ ಒಳಗಿನ ಉಸಿರೂ ಹೋಗುತ್ತದೆ. ಸೌರ ಫಲಕವನ್ನು ಆಳಕ್ಕೆ ಇಳಿಸಿದಷ್ಟೂ ಬಲ ಕುಗ್ಗುತ್ತದೆ. ಆಳದಲ್ಲಿ ಬಿಸಿ ಚಿಲುಮೆಯೋ, ಮೀನು ತಿಂದು ಕರೆಂಟ್ ಕೊಡುವ ಜೈವಿಕ ರಿಯಾಕ್ಟರೋ ನೆರವಿಗೆ ಬರುತ್ತದೆ.

◆ ಕೊನೆಯದಾಗಿ, ಪೂರ್ತಿ ಕತ್ತಲಾದ ಜಾಲವನ್ನು ಮತ್ತೆ ಎಬ್ಬಿಸುವುದು ಹೇಗೆ? ದೊಡ್ಡ ಉಷ್ಣ ಸ್ಥಾವರ ಚಾಲೂ ಆಗಲು ಅದಕ್ಕೇ ಮೊದಲು ಕರೆಂಟ್ ಬೇಕು. ಆದ್ದರಿಂದ ನಿಜವಾದ ಜಾಲದಲ್ಲಿ ಹೊರಗಿನ ಸಹಾಯವಿಲ್ಲದೆ ಏಳಬಲ್ಲ ಜಲವಿದ್ಯುತ್ ಘಟಕಗಳನ್ನೋ, ಡೀಸೆಲ್ ಜನರೇಟರುಗಳನ್ನೋ ಮೊದಲು ಓಡಿಸಿ, ಅಲ್ಲಿಂದ ಒಂದೊಂದೇ ಸ್ಥಾವರಕ್ಕೆ ಕರೆಂಟ್ ಕೊಡುತ್ತಾರೆ. ಸ್ಯಾಟಿಸ್ಫ್ಯಾಕ್ಟರಿ ಆಡುವವರಿಗೂ ಇದೇ ಉಪಾಯ: ನೀರಿನ ಪಂಪುಗಳನ್ನು ಕಾರ್ಖಾನೆಯ ಲೈನಿನಿಂದ ಬಿಡಿಸಿ, ಎಲೆ ಕಟ್ಟಿಗೆ ಉರಿಸುವ 30 ಮೆಗಾವಾಟಿನ ಹಳೇ ಬರ್ನರುಗಳನ್ನು ಅವಕ್ಕೆಂದೇ ಬೇರೆಯಾಗಿ ಇಟ್ಟುಕೊಳ್ಳಿ. ಕಲ್ಲಿದ್ದಲು ಬಂತೆಂದು ಅವನ್ನು ಕಿತ್ತುಹಾಕಿದ್ದರೆ, ಇವತ್ತು ರಾತ್ರಿ ಆಟಕ್ಕೆ ಕೂತ ಕೂಡಲೇ ಮೊದಲು ಅವನ್ನು ಮತ್ತೆ ನಿಲ್ಲಿಸಿ.